ಮೂರನೆಯ ಗೆರೆ

ನಮ್ಮಕ್ಕನ ಕೆಲಸ ಏನು ಎಂದು ಯಾರಾದರೂ ಕೇಳಿದರೆ ಚಿಕ್ಕಂದಿನಲ್ಲಿ ನನಗೆ ನಾಚಿಕೆಯಾಗುತ್ತಿತ್ತು. ಗೆಳತಿಯರ ಮನೆಗಳಲ್ಲಿ ಟೀಚರು, ದರ್ಜಿ, ಕಂಡಕ್ಟರು ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವಂಥ ಕೆಲಸಗಳಿದ್ದವು. ನಮ್ಮಕ್ಕ ನದಿಯ ಬಗ್ಗಡ ನೀರನ್ನು ಗಾಜಿನ ಕೊಳವೆಗೆ ತುಂಬಿಸಿ, ಅದರಲ್ಲಿರುವ ಮಣ್ಣು ತಳಕ್ಕೆ ಕೂರಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಎಂದು ನೋಡಿ ಬರೆದುಕೊಳ್ಳುತ್ತಿದ್ದಳು. ಇದಕ್ಕೂ ಒಬ್ಬರು ಬೇಕಾ ಎಂದು ಅವರು ಹುಬ್ಬೇರಿಸುತ್ತಿದ್ದರು. ಅಕ್ಕನನ್ನೇ ಕೇಳಿದರೆ, ಮಣ್ಣು ಕೂರುವವರೆಗೆ ಯಾರಾದರೂ ನಿಂತಿರಬೇಕಲ್ಲ, ಅದಕ್ಕೇ ನನ್ನನ್ನು ಇಟ್ಟುಕೊಂಡಿದ್ದಾರೆ ಎಂದು ನಗುತ್ತಿದ್ದಳು.

ಅಮ್ಮ, ಅಪ್ಪ ಇಬ್ಬರೂ ಒಂದೇ ವರ್ಷ ಹೋದಾಗ ನನಗೆ ಹದಿಮೂರು, ಅಕ್ಕನಿಗೆ ಇಪ್ಪತ್ತೈದು. ಅಪ್ಪ ನದಿ ಅಳತೆಯ ಇಲಾಖೆಯಲ್ಲಿದ್ದುದರಿಂದ ಅವನ ಜಾಗ ಅವಳಿಗೆ ಸಿಕ್ಕಿತು. ಅವಳು ತನ್ನ ಓದನ್ನು ಅಲ್ಲಿಗೇ ಬಿಟ್ಟಳು, ನನ್ನ ಓದನ್ನು ಬಿಡಿಸಲಿಲ್ಲ. ಈ ಮಾತನ್ನು ನಾನು ಎಷ್ಟೋ ಸಲ ನೆನೆದಿದ್ದೇನೆ, ಅವಳು ಒಮ್ಮೆಯೂ ಎತ್ತಿ ಆಡಿದವಳಲ್ಲ.

ನದಿಯ ದಡದಲ್ಲಿ ಒಂದು ತಗಡಿನ ಶೆಡ್ಡು. ಒಳಗೆ ಒಂದು ಮೇಜು, ಗೋಡೆ ಗಡಿಯಾರ, ಎರಡು ಬಕೆಟ್ಟು, ಮೂಲೆಯಲ್ಲಿ ಮಂಡಿಯುದ್ದದ ರಬ್ಬರ್ ಬೂಟು. ಕಿಟಕಿಯ ಪಕ್ಕ ಸ್ಟ್ಯಾಂಡಿಗೆ ಸಿಕ್ಕಿಸಿದ ಎದೆಯೆತ್ತರದ ಗಾಜಿನ ಕೊಳವೆ. ಕೊಳವೆಯ ಹಿಂದೆ ಬಿಳಿ ರಟ್ಟು, ಅದರ ಮೇಲೆ ಅಡ್ಡಡ್ಡಲಾಗಿ ಐದು ಕಪ್ಪು ಗೆರೆ. ನದಿ ಉಕ್ಕಿದಾಗ ಬಕೆಟ್ಟಿನಲ್ಲಿ ನೀರೆತ್ತಿ ತಂದು, ತಡಮಾಡದೆ ಕೊಳವೆಗೆ ಸುರಿದು, ಗಡಿಯಾರ ನೋಡಿ ನಿಲ್ಲಬೇಕು. ಮೊದಲು ಏನೂ ಕಾಣುವುದಿಲ್ಲ, ನೀರು ಗೋಡೆಯ ಹಾಗೆ ಅಡ್ಡ ನಿಂತಿರುತ್ತದೆ. ಮಣ್ಣು ಕೆಳಗಿಳಿದಂತೆ ಮೇಲಿನಿಂದ ನೀರು ತಿಳಿಯಾಗುತ್ತ ಬಂದು ಮೊದಲ ಗೆರೆ ಕಾಣುತ್ತದೆ, ಆಮೇಲೆ ಎರಡನೆಯದು, ಆಮೇಲೆ ಮೂರನೆಯದು. ಲೆಕ್ಕಕ್ಕೆ ಬರುವುದು ಮೂರನೆಯ ಗೆರೆ. ಅದು ಎಷ್ಟು ನಿಮಿಷಕ್ಕೆ ಕಂಡಿತು ಎನ್ನುವುದರ ಮೇಲೆ, ಉಕ್ಕಿದ ನೀರು ಬಯಲಿನ ಮೇಲೆ ಎಷ್ಟು ಹೂಳು ಬಿಟ್ಟುಹೋಗುತ್ತದೆ ಎಂದು ಇಲಾಖೆಯವರು ಲೆಕ್ಕ ಹಾಕುತ್ತಿದ್ದರು. ಬಯಲಿನಲ್ಲಿ ತರಕಾರಿ ಬೆಳೆಯುವವರಿದ್ದರು, ಇಟ್ಟಿಗೆ ಸುಡುವವರಿದ್ದರು, ಕಾಲುವೆಗಳಿದ್ದವು. ಹೂಳು ಎಷ್ಟು ಬರುತ್ತದೆಂದು ತಿಳಿಯದೆ ಅಲ್ಲಿ ಯಾರೂ ಒಂದು ಕಲ್ಲು ಎತ್ತಿಡುವಂತಿರಲಿಲ್ಲ.

ಅಕ್ಕನಿಗೆ ಮೂರನೆಯ ಗೆರೆ ನಾಲ್ಕೂವರೆ ನಿಮಿಷಕ್ಕೆ ಕಾಣುತ್ತಿತ್ತು. ಒಂದು ವರ್ಷ ಹತ್ತು ಸೆಕೆಂಡು ಹೆಚ್ಚು, ಒಂದು ವರ್ಷ ಇಪ್ಪತ್ತು ಸೆಕೆಂಡು ಕಡಿಮೆ, ಅಷ್ಟೇ. ಹೀಗೆ ಇಪ್ಪತ್ತೊಂದು ವರ್ಷ. ವರ್ಷಕ್ಕೊಂದು ಉದ್ದನೆಯ ನೋಟು ಪುಸ್ತಕ, ಅದರಲ್ಲಿ ಅವಳ ದುಂಡನೆಯ ಅಂಕಿಗಳು, ಒಂದು ಹೊಡೆದುಹಾಕಿದ ಗುರುತೂ ಇರುತ್ತಿರಲಿಲ್ಲ.

ನಾನು ಓದಿ ಅದೇ ಇಲಾಖೆಯ ಪ್ರಯೋಗಾಲಯಕ್ಕೆ ಸೇರಿದೆ. ಅಕ್ಕ ಅವತ್ತು ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಒಂದು ಮನೆಯನ್ನೂ ಬಿಡದೆ ಹೇಳಿ ಬಂದಳು. ಅಂಥದ್ದೇ ಒಂದು ಗಾಜಿನ ಕೊಳವೆಯನ್ನು ಬಿಟ್ಟರೆ ನನ್ನ ಪ್ರಯೋಗಾಲಯದಲ್ಲಿ ಅವಳ ಶೆಡ್ಡಿನ ಸಾಮಾನು ಒಂದೂ ಇರಲಿಲ್ಲ. ಮಣ್ಣು ಒಣಗಿಸುವ ಒಲೆ, ಉಸಿರು ತಾಗಿದರೂ ಮುಳ್ಳು ಅಲುಗುತ್ತದೆಂದು ಗಾಜಿನ ಪೆಟ್ಟಿಗೆಯೊಳಗೆ ಇಟ್ಟಿದ್ದ ತಕ್ಕಡಿ, ಗಿರ್ರೆಂದು ತಿರುಗುವ ಕಲಕುವ ಯಂತ್ರ, ಶೆಲ್ಫಿನ ಮೇಲೆ ಒಂದು ಬಿಳಿ ಪುಡಿಯ ಡಬ್ಬಿ. ಅಕ್ಕನ ಶೆಡ್ಡಿನಿಂದಲೇ ಬಾಟಲಿಗಳಲ್ಲಿ ನೀರು ಬರುತ್ತಿತ್ತು. ವ್ಯಾನು ಓಡಿಸುತ್ತಿದ್ದವನನ್ನು ಎಲ್ಲರೂ ನಿಧಾನಿ ಎನ್ನುತ್ತಿದ್ದರು. ಎರಡು ಗಂಟೆಯ ದಾರಿಗೆ ಅರ್ಧ ದಿನ ತೆಗೆದುಕೊಳ್ಳುತ್ತಿದ್ದ, ಆದರೆ ಒಂದು ಬಾಟಲಿಯನ್ನೂ ಒಡೆದವನಲ್ಲ. ಬಂದ ನೀರಿಗೆ ಒಂದು ಚಮಚ ಪುಡಿ ಹಾಕಿ, ಯಂತ್ರದಲ್ಲಿ ಕಲಕಿ, ಆಮೇಲೆ ಅಳೆಯಬೇಕು ಎಂದು ಪುಸ್ತಕದಲ್ಲಿತ್ತು. ಮಣ್ಣಿನ ಕಣಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ ಬಿಡಿಸಲಿಕ್ಕೆ ಆ ಪುಡಿ. ನಾನು ಪುಸ್ತಕದಲ್ಲಿದ್ದುದನ್ನು ಚಾಚೂ ತಪ್ಪದೆ ಮಾಡುತ್ತಿದ್ದೆ. ನನ್ನ ಅಳತೆಯಲ್ಲಿ ಅಕ್ಕನ ನಾಲ್ಕೂವರೆ ನಿಮಿಷಕ್ಕೆ ನಲವತ್ತೈದು ನಿಮಿಷ ಬರುತ್ತಿತ್ತು.

ಇದೇನು ಹತ್ತು ಪಟ್ಟು ವ್ಯತ್ಯಾಸ ಎಂದು ದೊಡ್ಡ ಸಾಹೇಬರು ಕೇಳಿದರು. ಕಾರಣ ಹುಡುಕಿ ವರದಿ ಕೊಡಲು ನನಗೇ ಹೇಳಿದರು. ಆಗ ನನಗೆ ಮೂವತ್ನಾಲ್ಕು, ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಶೆಡ್ಡಿಗೆ ಹೋಗಿ ಒಂದು ಸಲ ಅಕ್ಕನ ಪಕ್ಕ ನಿಂತು ನೋಡಿದ್ದರೆ ಸಾಕಿತ್ತು. ಹೋಗಲಿಲ್ಲ. ಅಳೆಯುವವಳು ನನ್ನ ಅಕ್ಕ, ಅಲ್ಲಿಗೆ ಹೋದರೆ ದಾಕ್ಷಿಣ್ಯಕ್ಕೆ ಬೀಳುತ್ತೇನೆ, ಹೋಗದಿರುವುದೇ ನ್ಯಾಯ ಎಂದು ನನಗೆ ನಾನೇ ಹೇಳಿಕೊಂಡೆ. ಹಾಗೆ ಹೇಳಿಕೊಂಡು ಒಳಗೊಳಗೇ ಬೀಗಿದೆ ಕೂಡ. ಓದು ತಲೆಗೇರಿದವರಿಗೆ ತಮ್ಮ ನ್ಯಾಯ ಕಂಡರೆ ಬಹಳ ಪ್ರೀತಿ.

ಹನ್ನೆರಡು ಪುಟದ ವರದಿಯಲ್ಲಿ ಒಂಬತ್ತನೆಯ ಪುಟದಲ್ಲಿ ಒಂದು ಸಾಲು ಬರೆದೆ: "ಈ ವ್ಯತ್ಯಾಸಕ್ಕೆ ನೋಡುವವರ ಕಣ್ಣಿನ ದೋಷವೇ ಕಾರಣವೆಂದು ತೋರುತ್ತದೆ." ಕಳಿಸುವ ಮುಂಚೆ ಅದನ್ನು ಅಕ್ಕನಿಗೆ ನಾನೇ ಓದಿ ಹೇಳಿದೆ, ಅವಳ ಮನೆಯ ಊಟದ ಮೇಜಿನ ಮುಂದೆ. ಬೇರೆ ಯಾರೋ ಹೇಳುವುದಕ್ಕಿಂತ ನಾನೇ ಹೇಳುವುದು ಮೇಲಲ್ಲವೇ ಎಂದುಕೊಂಡಿದ್ದೆ. ಅವಳು ತಟ್ಟೆ ಎತ್ತಿಡುತ್ತಿದ್ದವಳು ನಿಂತಳು.

"ಕಣ್ಣು ಮಂದ ಆಗಿದ್ರೆ ಗೆರೆ ತಡವಾಗಿ ಕಾಣಬೇಕಲ್ವಾ ಪುಟ್ಟಿ? ನಂಗೆ ಬೇಗ ಕಾಣ್ತಿದೆಯಲ್ಲ."

ಎಷ್ಟು ಸರಿಯಾದ ಪ್ರಶ್ನೆ. ನನ್ನ ಹನ್ನೆರಡು ಪುಟದಲ್ಲಿ ಅಂಥದ್ದೊಂದು ಪ್ರಶ್ನೆ ಇರಲಿಲ್ಲ. ಗೊತ್ತಿಲ್ಲ ಎನ್ನಲು ನಾಲಿಗೆ ಏಳಲಿಲ್ಲ. ಕಣ್ಣಿಗೆ ಪೊರೆ ಬರುವಾಗ ಒಂದು ಎರಡಾಗಿ ಕಾಣುತ್ತದೆ, ಇಲ್ಲದ ಗೆರೆಯೂ ಇದ್ದ ಹಾಗೆ ತೋರುತ್ತದೆ, ಎಂದು ಎಲ್ಲೋ ಅರ್ಧ ಓದಿದ್ದನ್ನು ಪೂರ್ತಿ ಗೊತ್ತಿರುವವಳ ಹಾಗೆ ಹೇಳಿದೆ. ಅಕ್ಕ ಹೂಂ ಎಂದಳು. ಓದಿದವಳು ಹೇಳಿದ ಮೇಲೆ ಮುಗಿಯಿತು, ಅವಳು ಮತ್ತೆ ಕೇಳಲಿಲ್ಲ.

ಅವಳು ಮಾಡಿದ್ದು ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದು. ಬಲಗಣ್ಣಿನ ಅಂಚಿನಲ್ಲಿ ಸಾಸಿವೆಯಷ್ಟು ಪೊರೆ ಇದೆ, ಐದಾರು ವರ್ಷ ಅದರ ತಂಟೆಗೆ ಹೋಗಬೇಕಿಲ್ಲ ಎಂದು ಅವರು ಹೇಳಿದರಂತೆ. ಮಳೆಗಾಲಕ್ಕೆ ಮುಂಚೆ ತೆಗೆದುಬಿಡಿ ಎಂದು ಇವಳೇ ದುಂಬಾಲು ಬಿದ್ದಳು. ಇಪ್ಪತ್ತೊಂದು ವರ್ಷ ತಾನು ತಪ್ಪು ಬರೆದಿದ್ದೇನೆ, ಈ ವರ್ಷವಾದರೂ ಸರಿಯಾಗಿ ಬರೆಯಬೇಕು ಎನ್ನುವುದೊಂದೇ ಅವಳ ತಲೆಯಲ್ಲಿತ್ತು. ನನ್ನನ್ನು ಕೇಳಿದಳು. ಮಾಡಿಸಿಕೋ, ಒಳ್ಳೆಯದೇ ಆಯಿತು ಎಂದೆ.

ಹದಿನೈದು ದಿನ ಮನೆಬಿಟ್ಟು ಕದಲಬಾರದು, ಕಣ್ಣಿಗೆ ಧೂಳು, ನೀರು ತಾಗಬಾರದು ಎಂದು ಹೇಳಿ ಕಳಿಸಿದ್ದರು. ಆರನೆಯ ದಿನ ಮೇಲ್ಭಾಗದಲ್ಲಿ ಮಳೆಯಾಗಿ ನದಿ ಹೊತ್ತಿಗೆ ಮುಂಚೆ ಏರಿತು. ಅಳೆಯಲು ಬೇರೆ ಯಾರೂ ಇರಲಿಲ್ಲ. ಅಕ್ಕ ಪಟ್ಟಿ ಕಟ್ಟಿದ ಕಣ್ಣಿನಲ್ಲೇ ಹೋಗಿ ಬಕೆಟ್ಟಿನಲ್ಲಿ ನೀರೆತ್ತಿದಳು, ಸಾಲದ್ದಕ್ಕೆ ಗಾಳಿ, ಕಣ್ಣುರಿಗೆ ಗೆರೆ ನೋಡುವಷ್ಟು ಹೊತ್ತು ನಿಲ್ಲಲಾಗಲಿಲ್ಲ. ನೋವು ಶುರುವಾದ ಮೇಲೆ ನಾಲ್ಕು ದಿನ ಯಾರಿಗೂ ಹೇಳಲಿಲ್ಲ. ನಾನು ಅವಳ ಮನೆಗೆ ಹೋದಾಗ ಗೋಡೆಯ ಕಡೆ ಮುಖಮಾಡಿ ಮಲಗಿದ್ದಳು. ಆಸ್ಪತ್ರೆಯಲ್ಲಿ ನಂಜು ಒಳಗೆ ಇಳಿದುಬಿಟ್ಟಿದೆ, ಕಣ್ಣು ಉಳಿಯುವುದಿಲ್ಲ ಎಂದರು. ಉಳಿಯಲಿಲ್ಲ.

ಬೆಂಚಿನ ಮೇಲೆ ಕೂತು ನಾನು ಅತ್ತೆ. ಆದರೆ ಅಳುವಾಗಲೂ ಒಂದು ಮಾತು ನನಗೆ ಹೊಳೆದಿತ್ತು, ಅದನ್ನು ಮುಚ್ಚಿಡುವುದಿಲ್ಲ. ಅಂತೂ ಪೊರೆ ಇತ್ತಲ್ಲ, ನಾನು ಬರೆದದ್ದು ಸುಳ್ಳಲ್ಲವಲ್ಲ, ಎನ್ನುವ ಮಾತು. ಸಾಹೇಬರಿಗೂ ಹಾಗೇ ಹೇಳಿದೆ. ಆ ತಿಂಗಳೇ ನನ್ನ ಕೆಲಸ ಕಾಯಂ ಆಯಿತು.

ಎರಡು ತಿಂಗಳಿಗೆ ಅಕ್ಕ ಮತ್ತೆ ಶೆಡ್ಡಿಗೆ ಹೋಗತೊಡಗಿದಳು. ಬಂದ ಅಳತೆಗಳನ್ನು ನೋಡಿ ಪ್ರಯೋಗಾಲಯವೆಲ್ಲ ಬೆರಗಾಯಿತು. ಮೊದಲು ಮೂವತ್ತೆಂಟು ನಿಮಿಷ, ಆಮೇಲೆ ನಲವತ್ತೊಂದು, ಆಮೇಲೆ ನಲವತ್ನಾಲ್ಕು. ನನ್ನ ಲೆಕ್ಕಕ್ಕೆ ಕೂದಲೆಳೆಯ ಅಂತರ. ನಾನು ಅದನ್ನು ಹಿಡಿದುಕೊಂಡು ಅವಳ ಮನೆಗೆ ಓಡಿದೆ, ನೋಡಕ್ಕ, ಈಗ ಎಷ್ಟು ಸರಿಯಾಗಿ ಬರ್ತಿದೆ ಎಂದೆ. ಒಂದು ಕಣ್ಣು ಸಾಕು ಅನ್ನು ಹಾಗಾದ್ರೆ, ಎಂದು ಅವಳು ನಕ್ಕಳು. ನಗುವಾಗ ಬಲಭುಜ ಹಿಡಿದುಕೊಂಡಿದ್ದಳು. ಆ ವರ್ಷದಿಂದ ಅವಳಿಗೆ ಭುಜದ ನೋವು ಅಂಟಿಕೊಂಡಿತು, ಏನೋ ವಾಯು ಎಂದು ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು.

ಹಾಗೆ ಮೂರು ಮಳೆಗಾಲ. ಎರಡೂ ಕಡೆಯ ಅಳತೆ ಒಂದೇ ಆದಮೇಲೆ ಶೆಡ್ಡು ಯಾಕೆ ಬೇಕು ಎಂದು ಇಲಾಖೆ ಅದಕ್ಕೆ ಬೀಗ ಹಾಕಿತು. ಅಕ್ಕನನ್ನು ದಾಖಲೆ ಕೋಣೆಗೆ ಹಾಕಿದರು. ಬಂದ ಕಾಗದಕ್ಕೆ ಮೊಹರು ಒತ್ತಿ ಕಡತಕ್ಕೆ ಸೇರಿಸುವ ಕೆಲಸ. ಕಿಟಕಿಯಿಲ್ಲದ ಆ ಕೋಣೆಯಲ್ಲಿ ಹನ್ನೊಂದು ವರ್ಷ ಮೊಹರು ಒತ್ತಿ ನಿವೃತ್ತಳಾದಳು. ಹಿಂದಿನ ಇಪ್ಪತ್ತೊಂದು ವರ್ಷದ ಪುಸ್ತಕಗಳ ಮೇಲೆ "ಲೆಕ್ಕಕ್ಕೆ ತೆಗೆದುಕೊಳ್ಳತಕ್ಕದ್ದಲ್ಲ" ಎಂದು ಕೆಂಪು ಚೀಟಿ ಅಂಟಿಸಿ ಬಂದಾಗ, ಅವುಗಳನ್ನು ಕಪಾಟಿನಲ್ಲಿ ಜೋಡಿಸಿಟ್ಟವಳೂ ಅವಳೇ. ನದಿಯ ಸುದ್ದಿಯನ್ನು ಅವಳು ಮತ್ತೆ ಎತ್ತಲಿಲ್ಲ. ವಯಸ್ಸಾಯಿತು, ಆಸಕ್ತಿ ಹೋಯಿತು ಎಂದುಕೊಂಡೆ. ಎಷ್ಟು ಸುಲಭವಾಗಿ ನಾನು ಎಲ್ಲವನ್ನೂ ಅಂದುಕೊಂಡುಬಿಡುತ್ತಿದ್ದೆ.

ಕಳೆದ ಮಳೆಗಾಲದಲ್ಲಿ ದೊಡ್ಡ ನೆರೆ ಬಂತು. ನೀರು ಬರುವುದಕ್ಕೆ ಮುಂಚೆಯೇ ನಮ್ಮವರು ಬಯಲಿನಲ್ಲಿ ಅರವತ್ತು ಕಡೆ ಪ್ಲಾಸ್ಟಿಕ್ ಹುಲ್ಲಿನ ಚಾಪೆ ಹಾಸಿ, ನಾಲ್ಕು ಮೂಲೆಗೂ ಮೊಳೆ ಹೊಡೆದು ಬಂದಿದ್ದರು. ನೀರು ಇಳಿದ ಮೇಲೆ ಚಾಪೆಯನ್ನು ಸುತ್ತಿ ತಂದು ಒಣಗಿಸಿ ತೂಗಿದರೆ ಬಯಲಿಗೆ ಎಷ್ಟು ಹೂಳು ಬಿತ್ತೆಂದು ತಿಳಿಯುತ್ತದೆ. ನನ್ನ ಲೆಕ್ಕದ ಪ್ರಕಾರ ಅರ್ಧ ಬೆರಳಿನ ದಪ್ಪ ಬೀಳಬೇಕಿತ್ತು. ಹೋಗಿ ನೋಡಿದರೆ ಚಾಪೆಗಳೇ ಕಾಣೆ. ಕೈಯಲ್ಲಿ ಬಗೆದು ತೆಗೆಯಬೇಕಾಯಿತು, ಮೇಲೆ ನಾಲ್ಕು ಬೆರಳಿನಷ್ಟು ಹೂಳು. ಇಟ್ಟಿಗೆಯವರ ಗೂಡುಗಳೊಳಗೆ ಹೂಳು, ನಮ್ಮ ಲೆಕ್ಕ ನಂಬಿ ತೋಡಿದ್ದ ಕಾಲುವೆಗಳಲ್ಲಿ ಹೂಳು. ತರಕಾರಿ ತೋಟದ ಒಬ್ಬ ಹೆಂಗಸು ಹಾರೆ ಹಿಡಿದುಕೊಂಡು ನಿಂತು ನಮ್ಮ ಜೀಪನ್ನು ನೋಡಿದ ನೋಟದಲ್ಲಿ ಬೈಗುಳವೂ ಇರಲಿಲ್ಲ. ನಾನು ತಕ್ಕಡಿಯನ್ನು ಮೂರು ಸಲ ಸರಿಮಾಡಿಸಿ ಮೂರು ಸಲ ತೂಗಿದೆ. ಹತ್ತು ಪಟ್ಟು.

ಆಗ ಬೇರೊಂದು ಸಂಸ್ಥೆಯಿಂದ ಒಬ್ಬಳು ಬಂದಳು. ನೀರಿನೊಳಗೆ ಇಳಿಬಿಡುವ ಕ್ಯಾಮೆರಾ ತಂದಿದ್ದಳಾದ್ದರಿಂದ ನಾವು ಅವಳನ್ನು ಕ್ಯಾಮೆರಾದವಳು ಎಂದೇ ಕರೆಯುತ್ತಿದ್ದೆವು. ಕರೆಂಟು ಇರುವ ಜಾಗ ಬೇಕೆಂದಾಗ ಅಕ್ಕನ ಶೆಡ್ಡಿನ ಬೀಗ ತೆಗೆಸಿದೆವು. ಪರದೆಯ ಮೇಲೆ ನದಿಯ ನೀರು ಮೂಡಿತು. ನಾನು ಇಪ್ಪತ್ತು ವರ್ಷದ ಹತ್ತಿರ ಹತ್ತಿರ ಅಳೆದ ನೀರು, ಅದರೊಳಗೆ ಏನಿದೆ ಎಂದು ಅವತ್ತೇ ಮೊದಲು ನೋಡಿದ್ದು. ಮಣ್ಣು ಬಿಡಿಬಿಡಿಯಾಗಿ ಇರಲಿಲ್ಲ. ನೀರಿಗೆ ಹಿಟ್ಟು ಹಾಕಿದಾಗ ಗಂಟು ಕಟ್ಟುತ್ತದಲ್ಲ, ಹಾಗೆ ಕಣಕ್ಕೆ ಕಣ ಕಚ್ಚಿಕೊಂಡು ಗಂಟುಗಂಟಾಗಿ ಇಳಿಯುತ್ತಿತ್ತು. ಕೊಳೆತ ಎಲೆಯ ಅಂಟು ಇವನ್ನು ಹಿಡಿದಿಡುತ್ತದೆ, ಗಂಟು ಬೇಗ ಇಳಿಯುತ್ತದೆ, ಬಿಡಿ ಕಣ ಇಳಿಯುವುದಿಲ್ಲ, ಎಂದು ಅವಳು ಸಹಜವಾಗಿ ವಿವರಿಸಿದಳು. ಪುಡಿ ಹಾಕಿ ಯಂತ್ರದಲ್ಲಿ ಕಲಕಿದರೆ ಗಂಟೆಲ್ಲ ಒಡೆದುಹೋಗಿ ನೀವು ನದಿಯಲ್ಲಿ ಇಲ್ಲದ ಮಣ್ಣನ್ನು ಅಳೆದಂತಾಗುತ್ತದೆ, ಈಗ ಯಾರೂ ಹಾಗೆ ಮಾಡುವುದಿಲ್ಲ ಅಲ್ಲವೇ, ಎಂದು ನನ್ನನ್ನೇ ಕೇಳಿದಳು.

ಅವಳು ಊಟಕ್ಕೆ ಹೋದಾಗ ನಾನು ಮೂಲೆಯಲ್ಲಿದ್ದ ಅಕ್ಕನ ಕೊಳವೆಯನ್ನು ತೊಳೆದೆ. ರಟ್ಟಿನ ಗೆರೆಗಳು ಮಾಸಿದ್ದವು, ಪೆನ್ನಿನಿಂದ ತೀಡಿದೆ. ನದಿಯಿಂದ ಬಕೆಟ್ಟು ತಂದು ಕೊಳವೆಗೆ ಸುರಿದು ನಿಂತೆ. ಮೂರನೆಯ ಗೆರೆ ನಾಲ್ಕು ನಿಮಿಷ ಇಪ್ಪತ್ತೆಂಟು ಸೆಕೆಂಡಿಗೆ ಕಂಡಿತು. ನನ್ನ ಎರಡೂ ಕಣ್ಣು ಚೆನ್ನಾಗಿವೆ. ನಾನು ಅಲ್ಲೇ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತೆ.

ಅಕ್ಕನ ಕಣ್ಣಿಗೆ ಏನೂ ಆಗಿರಲಿಲ್ಲ. ಆಗಿದ್ದೆಲ್ಲ ನಾನು ಬರೆದ ಮೇಲೆ ಆಗಿದ್ದು.

ತಿದ್ದಿದ ವರದಿ ಕೊಡಲು ಇಲಾಖೆಯವರನ್ನು ಒಪ್ಪಿಸಿದೆ, ಅದರಲ್ಲೇನೂ ತೊಂದರೆಯಾಗಲಿಲ್ಲ. ದಾಖಲೆ ಕೋಣೆಯಿಂದ ಇಪ್ಪತ್ನಾಲ್ಕು ಪುಸ್ತಕಗಳನ್ನೂ ತರಿಸಿದೆ. ಮೊದಲ ಇಪ್ಪತ್ತೊಂದು, ಈ ನದಿಯ ಬಗ್ಗೆ ಯಾರಾದರೂ ಬರೆದಿರುವುದರಲ್ಲಿ ಅತ್ಯಂತ ನಿಜವಾದವು. ಉಳಿದ ಮೂರು ಮಾತ್ರ ಅರ್ಥವಾಗಲಿಲ್ಲ. ನನ್ನ ತಪ್ಪು ಅಂಕಿಗೇ ಅವು ತಾಳೆಯಾಗುತ್ತಿದ್ದವು. ಇರುವ ಒಂದು ಕಣ್ಣೂ ಆಗ ಸರಿಯಾಗಿ ಕಾಣುತ್ತಿರಲಿಲ್ಲವೇನೋ ಎಂದು ಒಂದು ಕ್ಷಣ ಅನಿಸಿತು. ಮತ್ತೆ ಅದೇ ದಾರಿ ಹಿಡಿದೆನಲ್ಲ ಎಂದು ನನ್ನ ಮೇಲೇ ಅಸಹ್ಯವಾಯಿತು.

ಅಕ್ಕನಿಗೆ ಹೇಳಬೇಕಿತ್ತು. ಹೇಳಿದರೆ ಅವಳ ಇಪ್ಪತ್ತೊಂದು ವರ್ಷ ಅವಳಿಗೆ ಹಿಂತಿರುಗಿ ಬರುತ್ತದೆ. ಅದರ ಜೊತೆಗೇ, ಕಣ್ಣು ಸುಮ್ಮಸುಮ್ಮನೆ ಹೋಯಿತು, ತಂಗಿಯ ಒಂದು ಸಾಲಿಗೆ ಹೋಯಿತು, ಎನ್ನುವುದೂ ಬರುತ್ತದೆ. ಒಂದನ್ನು ಕೊಟ್ಟು ಇನ್ನೊಂದನ್ನು ಬಚ್ಚಿಡುವ ದಾರಿ ಇದ್ದಿದ್ದರೆ ನಾನು ಅದನ್ನೇ ಹಿಡಿಯುತ್ತಿದ್ದೆ. ಎರಡು ವಾರ ಅವಳ ಮನೆಗೆ ಹೋಗಿ ಹೋಗಿ ಬೇರೆ ಏನೇನೋ ಮಾತಾಡಿ ಎದ್ದು ಬಂದೆ. ಅವಳ ಎಡಗಣ್ಣೂ ಈಗ ಮಂಜಾಗಿದೆ, ದಪ್ಪ ಅಕ್ಷರವನ್ನು ಭೂತಗನ್ನಡಿ ಹಿಡಿದು ಓದುತ್ತಾಳೆ. ಅದಕ್ಕೆ ಆಪರೇಷನ್ ಮಾಡಿಸೋಣ ಎಂದರೆ ಒಂದು ಸಲ ಮಾಡಿಸಿದ್ದು ಸಾಕು ಎನ್ನುತ್ತಾಳೆ.

ಒಂದು ಭಾನುವಾರ ಮಧ್ಯಾಹ್ನ ಗಟ್ಟಿ ಮನಸ್ಸು ಮಾಡಿ ಹೋದೆ. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ಮೊರ ಮುಂದಿಟ್ಟುಕೊಂಡು ಬಟಾಣಿ ಸುಲಿಯುತ್ತಿದ್ದಳು. ನಾನು ಅವಳೆದುರು ನೆಲದ ಮೇಲೆ ಕೂತು ಚಾಪೆಗಳಿಂದ ಹಿಡಿದು ಕ್ಯಾಮೆರಾದವರೆಗೆ, ಪುಡಿಯಿಂದ ಹಿಡಿದು ನಾಲ್ಕು ನಿಮಿಷ ಇಪ್ಪತ್ತೆಂಟು ಸೆಕೆಂಡಿನವರೆಗೆ ಎಲ್ಲ ಹೇಳಿದೆ. ನಿನ್ನ ಕಣ್ಣು ಸರಿಯಾಗಿತ್ತಕ್ಕ, ತಪ್ಪಿದ್ದು ನಾನು, ಎಂದೆ. ಅವಳ ಕೈ ನಿಲ್ಲಲಿಲ್ಲ. ಒಂದು ಸಿಪ್ಪೆ ಬಿಡಿಸಿ ಕಾಳು ಮೊರಕ್ಕೆ ಹಾಕಿದಳು, ಇನ್ನೊಂದು ತೆಗೆದುಕೊಂಡಳು.

"ಗೊತ್ತು" ಎಂದಳು.

ಏನು ಗೊತ್ತು, ಯಾರು ಹೇಳಿದರು ಎಂದು ಕೇಳಿದೆ.

"ಯಾರು ಹೇಳ್ಬೇಕು? ಕಣ್ಣು ಹೋದ್ಮೇಲೆ ಮೊದಲನೇ ಸಲ ಶೆಡ್ಡಿಗೆ ಹೋದ್ನಲ್ಲ, ಅವತ್ತೇ ಗೊತ್ತಾಯ್ತು. ಪೊರೆ ಇದ್ದ ಕಣ್ಣು ಹೋಗಿದೆ, ಇನ್ನು ಸರಿಯಾಗಿ ಕಾಣುತ್ತೆ ಅಂದ್ಕೊಂಡು ನೋಡ್ದೆ. ನಾಲ್ಕೂವರೆ ನಿಮಿಷ. ಚೆಲ್ಲಿ ಇನ್ನೊಂದ್ಸಲ ತುಂಬಿಸ್ದೆ. ನಾಲ್ಕೂವರೆ. ಆಮೇಲೆ ನಿಧಾನಿನ ಕರೆದು, ಗೆರೆ ಕಂಡಾಗ ಹೇಳಪ್ಪಾ ಅಂತ ನಿಲ್ಲಿಸ್ದೆ. ಅವ್ನೂ ಅಷ್ಟಕ್ಕೇ ಹೇಳ್ದ."

ಹಾಗಾದರೆ ಪುಸ್ತಕದಲ್ಲಿ ಮೂವತ್ತೆಂಟು, ನಲವತ್ನಾಲ್ಕು ಎಂದು ಬರೆದದ್ದು ಎಲ್ಲಿಂದ ಬಂತು ಎಂದು ಕೇಳಿದೆ. ಆಗ ಅವಳ ಕೈ ನಿಂತಿತು. ನಾನು ಅವಳನ್ನು ಕಳ್ಳಿ ಎಂದ ಹಾಗೆ ಮುಖ ಮಾಡಿಕೊಂಡಳು.

"ಸುಳ್ಳು ಬರೀಲಿಲ್ಲ ಕಣೇ. ಬರೆದಿದ್ದೆಲ್ಲ ಕಂಡಿದ್ದೇ. ನೀನು ಅಲ್ಲಿ ಯಂತ್ರದಲ್ಲಿ ಕಲಕ್ತೀನಿ ಅಂತಿದ್ಯಲ್ಲ, ಅದಕ್ಕೇ ನಾನೂ ಕೊಳವೆಗೆ ಹಾಕೋ ಮುಂಚೆ ಬಕೆಟ್ಟಲ್ಲೇ ಕೋಲು ಹಾಕಿ ಕಲಕ್ತಿದ್ದೆ. ಹತ್ತು ನಿಮಿಷ ಕಲಕಿದ್ರೆ ಗೆರೆ ಸ್ವಲ್ಪ ತಡವಾಗಿ ಕಾಣೋದು. ಅರ್ಧ ಗಂಟೆ ಕಲಕಿದ್ರೆ ಇನ್ನೂ ತಡ. ಜೋರಾಗಿ ಒಂದು ಗಂಟೆ ಕಲಕಿದ್ರೆ ನೀನು ಹೇಳಿದಷ್ಟು ಬರೋದು. ಎಷ್ಟು ಕಲಕಬೇಕು ಅಂತ ಆಮೇಲಾಮೇಲೆ ಕೈಗೇ ಗೊತ್ತಾಗ್ಹೋಯ್ತು."

ಕ್ಯಾಮೆರಾದವಳು ಅಷ್ಟು ದೂರದಿಂದ ಯಂತ್ರ ತಂದು ತೋರಿಸಿದ್ದನ್ನು ನಮ್ಮಕ್ಕ ಹದಿನಾರು ವರ್ಷದ ಹಿಂದೆಯೇ ಒಂದು ಕೋಲಿನಿಂದ ಕಂಡುಕೊಂಡಿದ್ದಳು. ಮೂರು ಮಳೆಗಾಲ, ದಿನಕ್ಕೆ ಎರಡು ಸಲ, ತಿಳಿಯಾಗುವ ನೀರನ್ನು ಗಂಟೆಗಟ್ಟಲೆ ಕಲಕಿದ್ದಳು. ಅವಳ ಭುಜದ ನೋವಿಗೆ ನಾನೇ ಎಷ್ಟು ಸಲ ಎಣ್ಣೆ ತಿಕ್ಕಿದ್ದೆ.

ಯಾಕಕ್ಕ, ಒಂದು ಮಾತು ಹೇಳಬಾರದಿತ್ತಾ ಎಂದೆ. ನನ್ನ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ಅಕ್ಕ ಮೊರವನ್ನು ಪಕ್ಕಕ್ಕೆ ಸರಿಸಿದಳು. ಮಂಜಾದ ಆ ಒಂದು ಕಣ್ಣನ್ನು ಕಿರಿದು ಮಾಡಿಕೊಂಡು, ಹತ್ತಿರ ಬಂದು ನನ್ನನ್ನು ನೋಡಿದಳು.

"ನೋಡು, ನಿನ್ನ ಈ ಮುಖ. ಇದನ್ನ ನೋಡಬಾರ್ದು ಅಂತಲೇ ಹೇಳ್ಲಿಲ್ಲ. ನನ್ನ ಕಣ್ಣಂತೂ ಹೋಗಿತ್ತು, ನಿಜ ಹೇಳಿದ್ರೆ ವಾಪಸ್ ಬರ್ತಿತ್ತಾ? ನೀನು ಚಿಕ್ಕವಳು. ಅದನ್ನ ಹೊತ್ಕೊಂಡು ಹೇಗೆ ಬದುಕ್ತಿದ್ದೆ?"

ನಾನು ಅವಳ ಮಡಿಲಲ್ಲಿ ತಲೆಯಿಟ್ಟು ಅತ್ತೆ. ಐವತ್ತು ವರ್ಷದ ಹೆಂಗಸು ಅಡುಗೆಮನೆಯ ಬಾಗಿಲಲ್ಲಿ ಹಾಗೆ ಅಳಬಾರದು, ಆದರೆ ಅತ್ತೆ. ಕ್ಷಮಿಸು ಎನ್ನುವ ಮಾತು ಅಕ್ಕತಂಗಿಯರ ನಡುವೆ ಆಡಿ ಅಭ್ಯಾಸವಿಲ್ಲ, ಬಾಯಿಗೆ ಬರಲಿಲ್ಲ. ಅವಳು ನನ್ನ ಬೆನ್ನು ಸವರಿದಳು. ಆಮೇಲೆ, ಬಟಾಣಿ ಪಲ್ಯಕ್ಕೆ ಸಾಲುವಷ್ಟಿದೆ, ಉಂಡುಕೊಂಡೇ ಹೋಗು ಎಂದಳು.

ಊಟವಾದ ಮೇಲೆ ವರದಿಯ ಮಾತು ಬಂತು. ಕೊನೆಯ ಮೂರು ವರ್ಷದ ಅಳತೆಯನ್ನು ಕೈಬಿಡಬೇಕು, ಕೈಬಿಟ್ಟರೆ ಕಾರಣ ಬರೆಯಬೇಕು, ಏನೆಂದು ಬರೆಯಲಿ ಎಂದು ಕೇಳಿದೆ. ಕಲಕಿದ್ದನ್ನು ಬರಿ ಎಂದಳು, ಅದರಲ್ಲಿ ತನಗೆ ನಾಚಿಕೆಯಿಲ್ಲವಂತೆ. ಎಷ್ಟು ಹೊತ್ತು ಕಲಕಿದರೆ ಎಷ್ಟು ನಿಮಿಷಕ್ಕೆ ಗೆರೆ ಕಾಣುತ್ತಿತ್ತು ಎನ್ನುವುದನ್ನು ಬೆರಳು ಮಡಚಿ ಮಡಚಿ ಹೇಳಿ ಬರೆಸಿದಳು ಕೂಡ. ಬರೆಸುವಾಗ ಅವಳ ದನಿ ಎಷ್ಟೋ ವರ್ಷದ ಮೇಲೆ ಶೆಡ್ಡಿನ ದನಿಯಾಗಿತ್ತು. ಮಧ್ಯೆ ನನ್ನನ್ನು ತಡೆದು, ಮಳೆ ಶುರುವಾದ ವಾರದ ನೀರಿನಲ್ಲಿ ಗಂಟು ಬೇಗ ಒಡೆಯುವುದಿಲ್ಲ, ಅದನ್ನು ಬೇರೆಯಾಗಿ ಬರೆದುಕೋ ಎಂದಳು. ಕ್ಯಾಮೆರಾದವಳಿಗೂ ಅದು ಗೊತ್ತಿರಲಿಲ್ಲ.

ಹೊರಡುವಾಗ ಬಾಗಿಲವರೆಗೆ ಬಂದು ಕೈ ಹಿಡಿದುಕೊಂಡಳು.

"ಕಣ್ಣಿನ ವಿಷಯ ಮಾತ್ರ ಬರೀಬೇಡ ಪುಟ್ಟಿ. ಅದು ನಮ್ಮನೆ ವಿಷಯ. ಯಾರೋ ಅದನ್ನ ಓದಿ ನಿನಗೊಂದು ಮಾತಂದ್ರೆ ನಂಗೆ ತಡ್ಕೊಳಕ್ಕಾಗಲ್ಲ."

ವರದಿ ಹೋದ ತಿಂಗಳು ಅಚ್ಚಾಯಿತು. ಕೆಂಪು ಚೀಟಿಗಳನ್ನು ನಾನೇ ಬಿಸಿನೀರು ಹಚ್ಚಿ ಒಂದೊಂದಾಗಿ ಕಿತ್ತೆ. ಅಳೆದವರ ಹೆಸರಿನ ಜಾಗದಲ್ಲಿ ಅಕ್ಕನ ಹೆಸರು ಮೊದಲಿದೆ, ನನ್ನದು ಅದರ ಕೆಳಗೆ, ತಪ್ಪು ನನ್ನದೆಂಬ ಒಪ್ಪಿಗೆಯ ಜೊತೆ. ಸಂಜೆ ಅವಳ ಮನೆಗೆ ಒಯ್ದು ಮೂವತ್ತು ಪುಟವನ್ನೂ ಓದಿ ಹೇಳಿದೆ. ಕಣ್ಣು ಮುಚ್ಚಿಕೊಂಡು ಕೇಳಿದಳು. ಹದಿನೇಳನೆಯ ಪುಟದಲ್ಲಿ ಒಂದು ವರ್ಷದ ನೀರಿನ ಮಟ್ಟ ತಪ್ಪಿದೆ ಎಂದಳು. ಪುಸ್ತಕ ತೆಗೆದು ನೋಡಿದರೆ ಅವಳು ಹೇಳಿದ್ದೇ ಸರಿ.

ಅವಳು ಬೇಡವೆಂದ ವಿಷಯ ಅದರಲ್ಲಿಲ್ಲ. ನನಗೆ ಎಲ್ಲಾದರೂ ಬರೆಯದೆ ಇರಲಾಗಲಿಲ್ಲ, ಹಾಗಾಗಿ ಇಲ್ಲಿ ಬರೆದಿದ್ದೇನೆ. ಈಗ ಭೂತಗನ್ನಡಿ ಹಿಡಿದರೂ ಅವಳಿಗೆ ಅಕ್ಷರ ಹತ್ತುವುದಿಲ್ಲ. ಪೇಪರು, ಕಾಗದ, ಔಷಧಿ ಚೀಟಿ, ಬಂದದ್ದೆಲ್ಲವನ್ನೂ ಓದಿ ಹೇಳುವವಳು ನಾನೇ. ಇದೊಂದನ್ನು ಓದಿ ಹೇಳುವುದಿಲ್ಲ.